ಕಪ್ಪು ಕುಂಕುಮ ಮತ್ತು ಜಪಾನಿನ ವಿಮಾನ

ಅಜ್ಜಿಯ ಮದುವೆ ಫೋಟೋ ತೆಗೆದು ನೋಡಿ. ಹಣೆಯ ಕುಂಕುಮ ಅಚ್ಚ ಕಪ್ಪಗೆ ಕಾಣುತ್ತಿದ್ದರೆ, ಅಜ್ಜಿ ಕಾಡಿಗೆ ಬೊಟ್ಟು ಇಟ್ಟುಕೊಂಡು ಹಸೆಮಣೆ ಏರಿದ್ದಳು ಎಂದು ಯಾರೂ ಹೇಳುವುದಿಲ್ಲ. ಕುಂಕುಮ ಕೆಂಪು, ಫೋಟೋದಲ್ಲಿ ಹಾಗೆ ಬಂದಿದೆ ಅಷ್ಟೆ. ಮನೆಯ ಮಗುವಿಗೂ ಇದು ಗೊತ್ತು. ಅದೇ ಜನ ಹಳೆಯ ಯುದ್ಧವಿಮಾನದ ಫೋಟೋ ಹಿಡಿದು ನನ್ನ ಬಳಿ ಬರುವಾಗ ಮಾತ್ರ ಈ ತಿಳಿವಳಿಕೆಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬರುತ್ತಾರೆ.

ಕಳೆದ ವರ್ಷ ಮಂಡ್ಯ ಕಡೆಯ ಹುಡುಗನೊಬ್ಬ ಬಂದಿದ್ದ. ಮೊಬೈಲಿನಲ್ಲಿ ಒಂದು ಚಿತ್ರ: ಪಟ್ಟಿ ಸುತ್ತಿದ ಕಾಲು, ತಲೆಗೆ ರುಮಾಲು, ಹಿಂದೆ ಜೋಡಿ ರೆಕ್ಕೆಯ ವಿಮಾನ. ವಿಮಾನಕ್ಕೆ ಎಲೆಹಸಿರು ಬಣ್ಣ, ಅದರ ಮೇಲೆ ಬಿಳಿ ಅಂಚಿನ ಕೆಂಪು ಬೊಟ್ಟು.

“ಸರ್, ಇದು ಜಪಾನಿನ ವಿಮಾನ. ನಮ್ಮ ಮುತ್ತಾತ ಹಿಡಿದಿದ್ದು.”

“ಬಣ್ಣ ಯಾರಪ್ಪ ಹಾಕಿದ್ದು?”

“ಆ್ಯಪ್ ಹಾಕಿದ್ದು ಸರ್. ಅದಕ್ಕೆ ಎಲ್ಲಾ ಗೊತ್ತಾಗುತ್ತೆ.”

ಆ್ಯಪಿಗೆ ಗೊತ್ತಿರುವುದು ಇಷ್ಟೇ: ಎಲ್ಲಿ ಗಾಢ, ಎಲ್ಲಿ ತಿಳಿ. ಮಿಕ್ಕದ್ದು ಅದರ ಊಹೆ. ಇಲ್ಲಿ ಅದರ ಊಹೆ ಅರ್ಧ ಸರಿಯಾಗಿತ್ತು ಎನ್ನುವುದೇ ತಮಾಷೆ. ನಡುವಿನ ಬೊಟ್ಟು ನಿಜಕ್ಕೂ ಕೆಂಪೇ. ಎಡವಿದ್ದು ಸುತ್ತಲಿನ ಉಂಗುರದಲ್ಲಿ. ಅದು ಬರೀ ಬಿಳಿಯಲ್ಲ, ಬಿಳಿಯ ಹೊರಗೊಂದು ನೀಲಿಯೂ ಇದೆ. ಆ ನೀಲಿ ಫೋಟೋದಲ್ಲಿ ಬಿಳಿಯ ಜೊತೆ ಬೆರೆತುಹೋಗಿದೆ.

ಹೇಗೆಂದರೆ, ಆಗಿನ ಹೆಚ್ಚಿನ ಫಿಲ್ಮುಗಳು ಆರ್ಥೋಕ್ರೊಮ್ಯಾಟಿಕ್. ಅವಕ್ಕೆ ಕೆಂಪು ಕಣ್ಣಿಗೇ ಬೀಳದು. ಹಳೆಯ ಸ್ಟುಡಿಯೋದವರು ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ನೆಮ್ಮದಿಯಾಗಿ ಕೆಲಸ ಮಾಡುತ್ತಿದ್ದುದು ಅದಕ್ಕೇ. ಆ ಬೆಳಕು ಫಿಲ್ಮಿನ ಪಾಲಿಗೆ ಕತ್ತಲೆ. ಹಾಗಾಗಿ ಕೆಂಪು ಬಣ್ಣ ಪ್ರಿಂಟಿನಲ್ಲಿ ಕಪ್ಪಗೆ ಬರುತ್ತದೆ, ಹಳದಿಯೂ ಮಂಕಾಗುತ್ತದೆ. ನೀಲಿಗೆ ಮಾತ್ರ ಆ ಫಿಲ್ಮು ವಿಪರೀತ ಸ್ಪಂದಿಸುತ್ತದೆ, ಆದ್ದರಿಂದ ಕಡುನೀಲಿಯೂ ಬೂದಿಬಿಳುಪಾಗುತ್ತದೆ.

ಮತ್ತೊಮ್ಮೆ ಹೇಳುತ್ತೇನೆ, ಒಮ್ಮೆ ಹೇಳಿದರೆ ಇದು ಯಾರಿಗೂ ನಾಟಿದ್ದನ್ನು ನಾನು ಕಂಡಿಲ್ಲ. ಬ್ರಿಟಿಷರ ವಿಮಾನಗಳ ಮೇಲಿನ ವೃತ್ತಚಿಹ್ನೆಯಲ್ಲಿ ಹೊರಗೆ ನೀಲಿ, ನಡುವೆ ಬಿಳಿ, ಒಳಗೆ ಕೆಂಪು. ಫ್ರೆಂಚರದು ತಿರುಗಾಮುರುಗಾ: ಹೊರಗೆ ಕೆಂಪು, ಒಳಗೆ ನೀಲಿ. ಆರ್ಥೋ ಫಿಲ್ಮಿನಲ್ಲಿ ಬ್ರಿಟಿಷರದು ಮಸುಕು ಉಂಗುರದೊಳಗಿನ ಕಪ್ಪು ಬೊಟ್ಟಾಗುತ್ತದೆ, ಫ್ರೆಂಚರದು ಬೆಳ್ಳಗಿನ ಒಳಭಾಗದ ಸುತ್ತ ಕಪ್ಪು ಬಳೆಯಾಗುತ್ತದೆ. ಮೊದಲನೆಯದನ್ನು ಕಂಡವರಿಗೆಲ್ಲ ಜಪಾನ್ ನೆನಪಾಗುತ್ತದೆ. 1914ರಿಂದ 18ರ ಯುದ್ಧದಲ್ಲಿ ಜಪಾನ್ ಬ್ರಿಟಿಷರ ಮಿತ್ರದೇಶ, ಅವರ ವಿಮಾನವನ್ನು ನಮ್ಮ ಸಿಪಾಯಿ ಯಾಕೆ ಹಿಡಿಯಬೇಕು ಎಂದು ಕೇಳಿದರೆ ಹುಡುಗನ ಮುಖ ಸಪ್ಪಗಾಯಿತು. ಪಾಪ ಅನ್ನಿಸಿತು, ಕಾಫಿ ತರಿಸಿದೆ.

ಹಳದಿಯ ಕಥೆಯೂ ಇದೇ. ಹಳದಿ ಬಳಿದ ತರಬೇತಿ ವಿಮಾನ ಈ ಫಿಲ್ಮಿನಲ್ಲಿ ಕರ್ರಗೆ ಬಂದಿರುತ್ತದೆ. “ರಾತ್ರಿ ಬಾಂಬ್ ಹಾಕುವ ವಿಮಾನ, ಅದಕ್ಕೇ ಕಪ್ಪು” ಎಂದು ನನಗೇ ಪಾಠ ಹೇಳಿದವರಿದ್ದಾರೆ.

ಆದರೆ ಎಲ್ಲ ಹಳೆಯ ಫೋಟೋವೂ ಆರ್ಥೋ ಎಂದು ಹಟ ಹಿಡಿಯಬೇಡಿ. ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮೂ ಜೊತೆಜೊತೆಗೇ ಬಳಕೆಗೆ ಬಂತು. ಅತ್ತ ಜನಸಾಮಾನ್ಯರ ಕ್ಯಾಮೆರಾಗಳಿಗೆಂದು ಕೊಡಾಕ್ 1931ರಲ್ಲಿ ತಂದ ವೆರಿಕ್ರೋಮ್ ಆರ್ಥೋ ಜಾತಿಯದೇ, 1956ರಲ್ಲಿ ವೆರಿಕ್ರೋಮ್ ಪ್ಯಾನ್ ಬರುವವರೆಗೂ ಅದು ನಡೆಯಿತು. ಒಂದೇ ವಿಮಾನವನ್ನು ಒಂದೇ ದಿನ ಇಬ್ಬರು ತೆಗೆದರೆ ಎರಡು ಬಣ್ಣದ ವಿಮಾನಗಳಂತೆ ಕಾಣಬಹುದು. ಅದೇ ಫ್ರೇಮಿನಲ್ಲಿ ಬಣ್ಣ ಗೊತ್ತಿರುವ ಬೇರೊಂದು ವಸ್ತು ಸಿಕ್ಕರೆ ಅದನ್ನು ಸಾಕ್ಷಿಗೆ ಕರೆಯುತ್ತೇನೆ. ಮೋಡವೇ ಇಲ್ಲದ ಬರೀ ಬಿಳಿ ಆಕಾಶವೂ ಒಂದು ಸುಳಿವು, ಪುರಾವೆಯಲ್ಲ.

ಇಷ್ಟರ ಮೇಲೆ ನಾನು ನಂಬುವುದು ಬಣ್ಣವನ್ನಲ್ಲ, ಎಲುಬನ್ನು. ಹುಡುಗನ ಫೋಟೋದಲ್ಲಿ ಕೆಳರೆಕ್ಕೆಗೂ ವಿಮಾನದ ಒಡಲಿಗೂ ನಡುವೆ ಬೆಳಕು ಹಾಯುವಷ್ಟು ಸಂದು ಇತ್ತು. ಒಡಲು ಎರಡು ರೆಕ್ಕೆಗಳ ನಡುವೆ ಹಲಗೆಯಂತೆ ತೂಗುತ್ತಿತ್ತು. ಅದರ ಜೊತೆಗೆ ಮೂತಿಯಲ್ಲಿ ಅಂಡಾಕಾರದ ರೇಡಿಯೇಟರ್, ಬದಿಗೆ ಎರಡೆರಡು ಜೋಡಿ ಸ್ಟ್ರಟ್, ಅಂದರೆ ಮೇಲಿನ ರೆಕ್ಕೆಯನ್ನು ಕೆಳಗಿನದಕ್ಕೆ ಜೋಡಿಸುವ ಕಂಬ. ಬ್ರಿಟಿಷರ ಬ್ರಿಸ್ಟಲ್ ಫೈಟರ್ ಎನ್ನಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೈಲಟ್ ಮುಂದೆ, ಬಂದೂಕಿನವನು ಅವನ ಬೆನ್ನಿಗೆ ಬೆನ್ನು ಕೊಟ್ಟು ಹಿಂದೆ, ಮೂತಿಯೊಳಗೆ ರೋಲ್ಸ್ ರಾಯ್ಸ್ ಫಾಲ್ಕನ್ ಎಂಜಿನ್.

ಮುತ್ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಇದ್ದರು ಎಂದು ಮನೆಯವರ ಮಾತು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆ ಅದು. ಅದೇ ವರ್ಷ ಪ್ಯಾಲೆಸ್ತೀನಿನಲ್ಲಿ ಆಸ್ಟ್ರೇಲಿಯನ್ನರ ಒಂದನೇ ಸ್ಕ್ವಾಡ್ರನ್ ಹಾರಿಸುತ್ತಿದ್ದುದೂ ಇದೇ ಬ್ರಿಸ್ಟಲ್. ಹೊಂದುತ್ತದೆ. ಆದರೆ ಹೊಂದುವುದು ಬೇರೆ, ಸಾಬೀತಾಗುವುದು ಬೇರೆ. ಇದೇ ವಿಮಾನ ಪೇಶಾವರದ ಕಡೆಯ ವಾಯವ್ಯ ಗಡಿಯಲ್ಲಿ 1930ರ ದಶಕದ ಆರಂಭದವರೆಗೂ ಹಾರಿತು. ಬಾಲದ ಬಳಿಯ ಅಕ್ಷರ, ಅಂಕಿ ಸಿಕ್ಕಿದ್ದರೆ ಮಾತು ಮುಗಿಯುತ್ತಿತ್ತು. ಫ್ರೇಮಿನ ಅಂಗಡಿಯವನು ಕಟ್ಟು ಹಾಕುವಾಗ ಆ ಅಂಚನ್ನೇ ಕತ್ತರಿಸಿ ಎಸೆದಿದ್ದಾನೆ. ಫ್ರೇಮಿನವರ ಕತ್ತರಿಯಷ್ಟು ವಿಮಾನಗಳನ್ನು ಯಾವ ಶತ್ರುವೂ ಉರುಳಿಸಿಲ್ಲ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇನ್ನು ಟೈಗರ್ ಮಾತ್. ಜೋಡಿ ರೆಕ್ಕೆ ಕಂಡರೆ ಸಾಕು, ಜನರ ಬಾಯಲ್ಲಿ ಈ ತರಬೇತಿ ವಿಮಾನದ್ದೇ ಹೆಸರು. ಅದು ಮೊದಲು ಹಾರಿದ್ದೇ 1931ರಲ್ಲಿ. ತೆಳು ಮೂತಿ, ಬದಿಗೆ ಒಂದೇ ಜೋಡಿ ಸ್ಟ್ರಟ್, ಹಿಂದಕ್ಕೆ ಬಾಗಿದ ರೆಕ್ಕೆ. 1933ರಲ್ಲಿ ಕರಾಚಿಯ ಡ್ರಿಗ್ ರೋಡಿನಲ್ಲಿ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾದದ್ದು ನಾಲ್ಕು ವಾಪಿಟಿ ವಿಮಾನಗಳಿಂದ. ವಾಪಿಟಿಗೆ ದುಂಡನೆಯ ರೇಡಿಯಲ್ ಎಂಜಿನ್, ಎರಡು ಜೋಡಿ ಸ್ಟ್ರಟ್, ಎಮ್ಮೆಯಂಥ ಮೈಕಟ್ಟು. ಇವೆರಡನ್ನೂ ಒಂದೇ ಎನ್ನುವವರು ಸ್ಕೂಟರನ್ನೂ ಟ್ರ್ಯಾಕ್ಟರನ್ನೂ ಒಂದೇ ಎಂದಾರು.

ಫೋಟೋ ತರುವುದಾದರೆ ಮೂಲ ಪ್ರಿಂಟನ್ನೇ ತನ್ನಿ. ಬಣ್ಣ ಬಳಿಯಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಹಿಂಬದಿಯನ್ನೂ ನೋಡಬೇಕು, ಸ್ಟುಡಿಯೋ ಮೊಹರೋ ಊರಿನ ಹೆಸರೋ ಇದ್ದರೂ ಇರಬಹುದು. ಹುಡುಗನಿಗೂ ಇದನ್ನೇ ಹೇಳಿ ಕಳಿಸಿದ್ದೆ. ವಾರದ ನಂತರ ಅವನು ಫ್ರೇಮು ಬಿಚ್ಚಿ ಹಿಂಬದಿಯ ಚಿತ್ರ ಕಳಿಸಿದ. ಕೈರೋ ಇರಲಿಲ್ಲ, ಪೇಶಾವರವೂ ಇರಲಿಲ್ಲ. ಪೆನ್ಸಿಲಿನಲ್ಲಿ ಯಾರೋ ಹೆಂಗಸಿನ ಅಕ್ಷರ: ಸೋಮವಾರ ಅರ್ಧ ಸೇರು, ಮಂಗಳವಾರ ಅರ್ಧ ಸೇರು, ಬುಧವಾರ ಹಾಲು ಇಲ್ಲ.