ಕರಾವಳಿ ಮನೆಯ ಮೈನಿಂಗ್ ರಿಗ್: ನಾಲ್ಕು ಕಾರ್ಡು, ಒಂದು ಮೀಟರು, ಉಪ್ಪುಗಾಳಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಯಲ್ಲೋ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಹಂಚಿನ ಮನೆಯಲ್ಲೋ ಮೈನಿಂಗ್‌ಗೆ, ಅಂದರೆ ಲೆಕ್ಕ ಬಿಡಿಸಿ ಕ್ರಿಪ್ಟೋ ನಾಣ್ಯ ಗಳಿಸಲಿಕ್ಕೆ, ಗ್ರಾಫಿಕ್ಸ್ ಕಾರ್ಡುಗಳ ಯಂತ್ರ (ರಿಗ್) ಕಟ್ಟಿ ಕಲಿಯಬೇಕು ಅನ್ನುವವರಿಗೆ ಈ ಟಿಪ್ಪಣಿ. ಉದಾಹರಣೆಗೆ ಇಟ್ಟುಕೊಂಡಿರುವುದು 8 ಜಿಬಿಯ ನಾಲ್ಕು ಆರ್‌ಎಕ್ಸ್ 6600 ಕಾರ್ಡು, ತೆಗೆಯುವ ನಾಣ್ಯ ಎಥೀರಿಯಂ ಕ್ಲಾಸಿಕ್, ಅಂದರೆ ಇಟಿಸಿ. ವಿಡಿಯೋಗಳಲ್ಲಿ ಕಾಣುವ ರಿಗ್‌ಗಳಿಗೆಲ್ಲ ಶಾಖವೇ ವೈರಿ. ನಮ್ಮ ಕಡೆ ಶಾಖಕ್ಕಿಂತ ಮೊದಲು ಬೋರ್ಡನ್ನು ತಿನ್ನುವುದು ಉಪ್ಪು. ಅದೂ ಯಂತ್ರ ಓಡುವಾಗಲ್ಲ, ನಿಂತಿರುವಾಗ.

ಮೊದಲು ಲೆಕ್ಕ, ಆಮೇಲೆ ಸ್ಕ್ರೂಡ್ರೈವರ್

ಬಿಟ್‌ಕಾಯಿನ್ ಆಸೆ ಬಿಡಿ. ಅದು ಎಸಿಕ್, ಅಂದರೆ ಅದೊಂದೇ ಕೆಲಸಕ್ಕೆ ಮಾಡಿದ ಚಿಪ್ಪಿನ, ಯಂತ್ರಗಳ ಪಾಲಾಗಿ ಹತ್ತು ವರ್ಷ ದಾಟಿತು. ಎಥೀರಿಯಂ 2022ರ ಸೆಪ್ಟೆಂಬರ್ 15ರಂದು ಪ್ರೂಫ್ ಆಫ್ ಸ್ಟೇಕ್‌ಗೆ (ಲೆಕ್ಕ ಬಿಡಿಸುವ ಬದಲು ನಾಣ್ಯ ಒತ್ತೆಯಿಡುವ ಪದ್ಧತಿಗೆ) ಹೊರಳಿದ್ದರಿಂದ ಕಾರ್ಡುಗಳಿಗಿದ್ದ ದೊಡ್ಡ ದುಡಿಮೆಯೂ ಹೋಯಿತು. ಉಳಿದಿರುವುದು ಇಟಿಸಿ, ರೇವನ್‌ಕಾಯಿನ್, ಎರ್ಗೊದಂಥ ಸಣ್ಣ ನಾಣ್ಯಗಳು.

ಒಂದು ಆರ್‌ಎಕ್ಸ್ 6600 ಇಟಿಸಿಯಲ್ಲಿ ಸುಮಾರು 28.5 ಮೆಗಾಹ್ಯಾಶ್ (ಒಂದು ಮೆಗಾಹ್ಯಾಶ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಪ್ರಯತ್ನ) ಕೊಡುತ್ತದೆ, ನಾಲ್ಕಕ್ಕೆ 114. ಗೋಡೆಯ ಪ್ಲಗ್ಗಿನಲ್ಲಿ ಅಳೆದರೆ ಇಡೀ ರಿಗ್ 340 ವ್ಯಾಟ್ ಎಳೆಯುತ್ತದೆ ಎಂದು ಹಿಡಿಯೋಣ. ತೆರೆಯ ಮೇಲೆ ಕಾಣುವ ವ್ಯಾಟನ್ನು ನಂಬಬೇಡಿ: ಎಎಂಡಿ ಕಾರ್ಡು ತೋರಿಸುವುದು ಚಿಪ್ಪಿನ ಲೆಕ್ಕ, ಇಡೀ ಕಾರ್ಡಿನದಲ್ಲ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಒಂದನ್ನು ಕಾರ್ಡಿಗಿಂತ ಮೊದಲೇ ಕೊಳ್ಳಿ.

0.34 ಕಿಲೋವ್ಯಾಟ್ ಗುಣಿಸು 24 ಗಂಟೆ, ಗುಣಿಸು 30 ದಿನ: 245 ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಗೆ ಏಟು ಬೀಳುವುದು ಇಲ್ಲೇ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ರಿಗ್‌ನ ಖರ್ಚಿಗೆ ಇಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಮನೆಯ ಬಿಲ್ಲನ್ನೂ ಸೇರಿಸಿಕೊಳ್ಳಿ. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ, ಅದನ್ನೂ ಒಮ್ಮೆ ನೋಡಿ.

ಈಗ ಆದಾಯ. ಇಟಿಸಿಯಲ್ಲಿ ಸುಮಾರು 13 ಸೆಕೆಂಡಿಗೊಂದು ಬ್ಲಾಕ್ (ವಹಿವಾಟುಗಳ ಕಟ್ಟು), ದಿನಕ್ಕೆ 6,646. ಬ್ಲಾಕ್ ಕಟ್ಟಿದವರಿಗೆ ಬಹುಮಾನವಾಗಿ ಇಟಿಸಿ ಸಿಗುತ್ತದೆ. ಪ್ರತಿ 50 ಲಕ್ಷ ಬ್ಲಾಕಿಗೊಮ್ಮೆ ಬಹುಮಾನ 20% ಇಳಿಯುತ್ತದೆ: 2024ರಲ್ಲಿ 2 ಕೋಟಿ ಬ್ಲಾಕ್ ದಾಟಿದಾಗ 2.048ಕ್ಕೆ ಬಂತು, 2.5 ಕೋಟಿ ದಾಟಿದರೆ 1.6384. ಇಡೀ ಜಾಲದ ಬಲ 200 ಟೆರಾಹ್ಯಾಶ್ (ಒಂದು ಟೆರಾ ಅಂದರೆ ಹತ್ತು ಲಕ್ಷ ಮೆಗಾ) ಎಂದಿಟ್ಟುಕೊಂಡರೆ, 114 ಮೆಗಾಹ್ಯಾಶ್ ಅಂದರೆ ಕೋಟಿಯಲ್ಲಿ 5.7 ಪಾಲು. ಬಹುಮಾನ 2.048 ಇದ್ದಾಗ ತಿಂಗಳಿಗೆ 0.233 ಇಟಿಸಿ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಕರೆಂಟಿಗೆ 1,715 ರೂಪಾಯಿ. ಭಾಗಿಸಿದರೆ, ಒಂದು ಇಟಿಸಿಗೆ 7,360 ರೂಪಾಯಿ ಇದ್ದರೆ ಮಾತ್ರ ಬಿಲ್ಲಿಗೆ ಸರಿಸಮ. ಇವತ್ತಿನ ಬೆಲೆ, ಇವತ್ತಿನ ಜಾಲದ ಬಲ, ಇವತ್ತಿನ ಬಹುಮಾನ ಹಾಕಿ ಇದೇ ಲೆಕ್ಕವನ್ನು ಇನ್ನೊಮ್ಮೆ ಮಾಡಿ. ಉತ್ತರ ನೋಡಿದ ಮೇಲೂ ಕಟ್ಟುವ ಮನಸ್ಸಿದ್ದರೆ ಅದು ಕಲಿಕೆಗೆ ಅಥವಾ ಮನೆ ಮೇಲಿನ ಸೋಲಾರ್ ವಿದ್ಯುತ್ ಹೆಚ್ಚಾಗಿದ್ದರೆ. ಸಾಲ ಮಾಡಿ ಮಾತ್ರ ಬೇಡ.

ತೆರಿಗೆ: 2022ರ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ 30% ಮತ್ತು ಸೆಸ್, ಆ ವರ್ಷದ ಜುಲೈ 1ರಿಂದ 1% ಟಿಡಿಎಸ್. ಲಾಭದಿಂದ ಕಳೆಯಲು ಬಿಡುವುದು ಕೊಂಡ ಬೆಲೆಯನ್ನು ಮಾತ್ರ. ಮೈನಿಂಗ್ ಯಂತ್ರದ ಖರ್ಚು ಕೊಂಡ ಬೆಲೆಯಲ್ಲಿ ಸೇರದು ಎಂದು ಸರ್ಕಾರ 2022ರ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿದೆ. ಹಾಗಾಗಿ ಕೈಯಿಂದ ದುಡ್ಡು ಹೋಗಿದ್ದರೂ ತೆರಿಗೆ ಬೀಳಬಹುದು.

ಸಾಮಾನು

ಮದರ್‌ಬೋರ್ಡಿಗೆ ಹೊಸತು ಬೇಡ. ನಾಲ್ಕೈದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿರುವ ಹಳೆಯ ಬಿ250 ಅಥವಾ ಎಚ್110 ಬೋರ್ಡು, ಒಳಗೇ ಗ್ರಾಫಿಕ್ಸ್ ಇರುವ ಸೆಲೆರಾನ್ ಅಥವಾ ಪೆಂಟಿಯಂ, 8 ಜಿಬಿ ರ‍್ಯಾಮ್, 120 ಜಿಬಿಯ ಎಸ್‌ಎಸ್‌ಡಿ ಸಾಕು. ಪೆನ್‌ಡ್ರೈವ್‌ನಿಂದ ಓಡಿಸಿದರೆ ಕೆಲವೇ ತಿಂಗಳಲ್ಲಿ ಅದು ಸಾಯುತ್ತದೆ. ಎಸ್‌ಎಸ್‌ಡಿ ಸಾಟಾ ಜಾತಿಯದಿರಲಿ. ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದು ಪಿಸಿಐ ಸ್ಲಾಟ್ ಸದ್ದಿಲ್ಲದೆ ಮಲಗಿಬಿಡುತ್ತದೆ. ಕಾರ್ಡೇ ಕೆಟ್ಟಿದೆ ಎಂದು ಎರಡು ದಿನ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಳೆಯ ಕಾರ್ಡು ಕೊಳ್ಳುವಾಗ ಹೆಸರಿಗೆ ಮೋಸಹೋಗಬೇಡಿ. ಆರ್‌ಎಕ್ಸ್ 580 ಎಂದು ಮಾರುವುದರಲ್ಲಿ 2048ಎಸ್‌ಪಿ ಎಂಬುದೊಂದಿದೆ, ಒಳಗಿನ ಕೋರುಗಳ ಎಣಿಕೆ 570ರದೇ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ಶೇಡರ್ (ಕೋರು) ಸಂಖ್ಯೆ ನೋಡಿ: ಅಸಲಿ 580ರಲ್ಲಿ 2304 ಇರಬೇಕು. 4 ಜಿಬಿ ಕಾರ್ಡು ಅಗ್ಗಕ್ಕೆ ಸಿಕ್ಕರೂ ಬೇಡ. ಡ್ಯಾಗ್ ಫೈಲ್, ಅಂದರೆ ಇಟಿಸಿಯ ಲೆಕ್ಕಕ್ಕೆ ಬೇಕಾದ ದೊಡ್ಡ ಕೋಷ್ಟಕ, ಕಾರ್ಡಿನ ಮೆಮೊರಿಯಲ್ಲಿ ಹಿಡಿಸಬೇಕು, ಅದು ಬೆಳೆಯುತ್ತಲೇ ಹೋಗುತ್ತದೆ. ಕರಾವಳಿಯಲ್ಲೇ ಓಡಿದ ಕಾರ್ಡಾದರೆ ಎಚ್‌ಡಿಎಂಐ ತೂತಿನ ಸುತ್ತಲ ತಗಡು ನೋಡಿದರೆ ಸಾಕು. ಅಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಒಳಗೂ ಇದೆ.

ಪವರ್ ಸಪ್ಲೈ ಆರಿಸುವಾಗ ಎಲ್ಲರೂ ವ್ಯಾಟ್ ನೋಡುತ್ತಾರೆ, ಕನೆಕ್ಟರ್ ಎಣಿಸುವುದಿಲ್ಲ. 340 ವ್ಯಾಟಿಗೆ 650 ಧಾರಾಳವಾಯಿತು. ಆದರೆ ನಾಲ್ಕು ಕಾರ್ಡಿಗೆ ನಾಲ್ಕು 8-ಪಿನ್, ನಾಲ್ಕು ರೈಸರಿಗೆ (ಕಾರ್ಡನ್ನು ಬೋರ್ಡಿನಿಂದ ದೂರವಿಟ್ಟು ಯುಎಸ್‌ಬಿ ತಂತಿಯಲ್ಲಿ ಜೋಡಿಸುವ ಸಣ್ಣ ಹಲಗೆ) ನಾಲ್ಕು 6-ಪಿನ್, ಒಟ್ಟು ಎಂಟು ತಲೆ ಬೇಕು. ಆರು ಪಿಸಿಐ ತಲೆಗಳಿರುವ 850 ವ್ಯಾಟಿನ ಗೋಲ್ಡ್ ದರ್ಜೆಯದು ತಂದರೆ ನಾಲ್ಕು ಕಾರ್ಡಿಗೆ, ಎರಡು ರೈಸರಿಗೆ. ಉಳಿದ ಎರಡು ರೈಸರ್ ಮೋಲೆಕ್ಸ್ (ಹಳೆಯ ಮಾದರಿಯ 4-ಪಿನ್ ತಲೆ) ಮೇಲೆ. ಒಂದು ಕೇಬಲ್ಲಿಗೆ ಎರಡಕ್ಕಿಂತ ಹೆಚ್ಚು ರೈಸರ್ ಬೇಡ.

ರೈಸರ್ ಜೊತೆ ಬರುವ ಸಾಟಾ ಅಡಾಪ್ಟರನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ. ಸಾಟಾ ಪವರ್ ತಲೆಯಲ್ಲಿ 12 ವೋಲ್ಟಿಗಿರುವುದು ಮೂರು ಪಿನ್, ಪಿನ್ನಿಗೆ 1.5 ಆಂಪಿಯರ್, 54 ವ್ಯಾಟಿಗೆ ಮುಗಿಯಿತು. ಸ್ಲಾಟ್ ಮೂಲಕ ಕಾರ್ಡು 75 ವ್ಯಾಟಿನವರೆಗೆ ಎಳೆಯಬಹುದು. ಮೊದಲು ಪ್ಲಾಸ್ಟಿಕ್ ಕಂದುತ್ತದೆ, ಆಮೇಲೆ ಕರಗುತ್ತದೆ, ಆಮೇಲೆ ಬೆಂಕಿ. ಅಡಿಕೆಗೆ ಹೋದ ಮಾನ ಅನ್ನುವ ಮಾತು ಅಡಿಕೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು: ಬಿಚ್ಚಿ ಹಾಕುವ ಕೇಬಲ್ಲಿನ ಸಪ್ಲೈ ಆದರೆ ಬೇರೆ ಕಂಪನಿಯ ಕೇಬಲ್ ಹೊಂದುತ್ತದೆಂದು ಚುಚ್ಚಬೇಡಿ. ತೂತು ಒಂದೇ ಆಕಾರ, ಒಳಗಿನ ತಂತಿಯ ಕ್ರಮ ಬೇರೆ.

ಚೌಕಟ್ಟಿಗೆ ಒಂದು ಇಂಚಿನ ಅಲ್ಯೂಮಿನಿಯಂ ಆಂಗಲ್. ಜಿಐ ಆಂಗಲ್ ಕತ್ತರಿಸಿದ ಬಾಯಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಬೋಲ್ಟನ್ನು ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ: 304ಕ್ಕಿಂತ 316 ದರ್ಜೆಯ ಸ್ಟೀಲ್ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಕಾರ್ಡಿನಿಂದ ಕಾರ್ಡಿಗೆ ಎರಡು ಇಂಚು ಬಯಲು ಬಿಡಿ.

ಕರೆಂಟು, ಅರ್ತಿಂಗ್, ಗುಡುಗು

ಚಿರೇಕಲ್ಲಿನ ನೆಲದಲ್ಲಿ ಅರ್ತಿಂಗ್ ಗುಂಡಿ ಬೇಸಿಗೆಗೆ ಒಣಗಿಹೋಗುತ್ತದೆ. ಮಳೆಗಾಲದಲ್ಲಿ ಅಳೆದು ಸರಿಯಿದೆ ಎಂದರೆ ಅದು ಅರ್ಧ ಉತ್ತರ. ಏಪ್ರಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಕರೆಸಿ ಅಳೆಸಿ, ಗುಂಡಿಗೆ ನೀರು ಹಾಕುತ್ತಿರಿ. ರಿಗ್‌ಗೆ ಪ್ರತ್ಯೇಕ 16 ಆಂಪಿಯರ್ ಲೈನು, 2.5 ಚದರ ಮಿಲಿಮೀಟರ್ ತಾಮ್ರ, ಅದರದೇ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಆರುವ ಸ್ವಿಚ್) ಮತ್ತು ಎಂಸಿಬಿ (ಲೋಡ್ ಅತಿಯಾದರೆ ಆರುವ ಸ್ವಿಚ್). ತೇವಕ್ಕೆ ಸೋರಿಕೆ ಹೆಚ್ಚಿ ಆರ್‌ಸಿಸಿಬಿ ಬಿದ್ದರೆ ರಿಗ್ ಒಂದೇ ಆರಬೇಕು, ಫ್ರಿಡ್ಜಿನಲ್ಲಿರುವ ಮೀನು ಕೆಡಬಾರದು.

ಕೈಗಾ, ಕದ್ರಾದ ವಿದ್ಯುತ್ ಸ್ಥಾವರಗಳು ಪಕ್ಕದಲ್ಲಿದ್ದ ಮಾತ್ರಕ್ಕೆ ಲೈನು ಕಡಿಯದೆ ಇರುತ್ತದೆಯೇ! ಘಟ್ಟದ ಮೇಲೆ ಮರ ಬಿದ್ದರೆ ದಿನಗಟ್ಟಲೆ ಕತ್ತಲು. ಮನೆಯ ಇನ್ವರ್ಟರ್‌ಗೆ ರಿಗ್ ತಗುಲಿಸಬೇಡಿ. 150 ಎಎಚ್ ಬ್ಯಾಟರಿ ಮೂರು-ನಾಲ್ಕು ಗಂಟೆಯಲ್ಲಿ ಬರಿದಾಗುತ್ತದೆ, ರಾತ್ರಿ ದೀಪಕ್ಕೂ ಗತಿಯಿಲ್ಲ. ಸಾಲದ್ದಕ್ಕೆ ಲೈನಿನಿಂದ ಇನ್ವರ್ಟರ್‌ಗೆ ಬದಲಾಗುವಷ್ಟರಲ್ಲಿ ರಿಗ್ ರೀಬೂಟ್ ಆಗಿಬಿಡಬಹುದು: ಸಪ್ಲೈ ತಡೆದುಕೊಳ್ಳುವುದು 16-17 ಮಿಲಿಸೆಕೆಂಡ್ ಅಷ್ಟೆ. ಮುಂಗಾರಿಗೆ ಮುಂಚಿನ ಗುಡುಗಿನಲ್ಲಿ ಪ್ಲಗ್ ಕಿತ್ತಿಡಿ, ಲ್ಯಾನ್ ತಂತಿಯನ್ನೂ. ಸರ್ಜ್ ಪ್ರೊಟೆಕ್ಟರ್ ಅರ್ತಿಂಗ್ ಸರಿಯಿದ್ದರೆ ಮಾತ್ರ ಕೆಲಸ ಮಾಡುತ್ತದೆ.

ಜೋಡಣೆ

ಒಂದೇ ಕಾರ್ಡಿನಿಂದ ಶುರುಮಾಡಿ. ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ತೆರೆಯಲ್ಲಿ) ಅಬೋವ್ 4ಜಿ ಡಿಕೋಡಿಂಗ್ ಆನ್, ಪಿಸಿಐ ವೇಗ ಜೆನ್ 1 ಅಥವಾ 2, ಮೊದಲ ಡಿಸ್‌ಪ್ಲೇ ಬೋರ್ಡಿನದೇ, ಆಡಿಯೋ ಆಫ್. ಮೈನಿಂಗ್‌ಗೆಂದೇ ಇರುವ ಆಪರೇಟಿಂಗ್ ಸಿಸ್ಟಂ ಹೈವ್‌ಓಎಸ್ ಹಾಕಿ, ವ್ಯಾಲೆಟ್ (ನಾಣ್ಯ ಬರುವ ಖಾತೆ) ವಿಳಾಸ, ಪೂಲ್ (ಹಲವರು ಸೇರಿ ದುಡಿದು ಹಂಚಿಕೊಳ್ಳುವ ಕೂಟ), ಮೈನರ್ (ಲೆಕ್ಕ ಬಿಡಿಸುವ ತಂತ್ರಾಂಶ) ತುಂಬಿ. ಎಎಂಡಿಗೆ ಟೀಮ್‌ರೆಡ್‌ಮೈನರ್ ಅಥವಾ ಲೋಲ್‌ಮೈನರ್. ಒಂದು ಗಂಟೆ ನಿಂತಿತೆಂದರೆ ಎರಡನೆಯ ಕಾರ್ಡು, ಹೀಗೆ ಒಂದೊಂದೇ. ನಾಲ್ಕನ್ನೂ ಒಟ್ಟಿಗೆ ಹಾಕಿ ಬೂಟ್ ಆಗಲಿಲ್ಲ ಎಂದರೆ ಎಲ್ಲಿ ಹುಡುಕುತ್ತೀರಿ?

ಇಟಿಸಿಯ ಲೆಕ್ಕ ಮೆಮೊರಿಯನ್ನು ದುಡಿಸುತ್ತದೆ, ಕೋರನ್ನಲ್ಲ. ಆದ್ದರಿಂದ ಕೋರ್ ವೇಗವನ್ನು 1,000 ಮೆಗಾಹರ್ಟ್ಸ್ ಸುತ್ತ ಇಳಿಸಿ, ಅದರ ವೋಲ್ಟೇಜನ್ನೂ ಇಳಿಸಿ. ಹ್ಯಾಶ್ ಅಷ್ಟೇ ಇದ್ದು ವ್ಯಾಟ್ ಬೀಳುತ್ತದೆ. ಮೆಮೊರಿಯನ್ನು 10-10ರಂತೆ ಏರಿಸಿ, ಪ್ರತಿ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಲ್ಲಿ. ಕಾರ್ಡು ಪೂಲ್‌ಗೆ ಕಳಿಸುವ ಉತ್ತರಕ್ಕೆ ಶೇರ್ ಎನ್ನುತ್ತಾರೆ. ಪೂಲ್‌ನಲ್ಲಿ ಇನ್‌ವ್ಯಾಲಿಡ್ (ತಪ್ಪಾದ) ಶೇರ್ ಕಂಡರೆ ಮೆಮೊರಿ ಅತಿಯಾಯಿತು, ಎರಡು ಮೆಟ್ಟಿಲು ಇಳಿಯಿರಿ. ಸ್ಟೇಲ್ (ತಡವಾಗಿ ತಲುಪಿದ) ಶೇರ್ ಕಂಡರೆ ಅದು ನೆಟ್‌ವರ್ಕಿನ ತಡ. ಹತ್ತಿರದ ಸರ್ವರ್ ಆರಿಸಿ. ಡೇಟಾ ಬಹಳ ಬೇಡ, ಫೋನಿನ ಹಾಟ್‌ಸ್ಪಾಟ್ ಕೂಡ ಸಾಕು. ಎನ್‌ವಿಡಿಯಾ ಕಾರ್ಡಿನವರಿಗೆ ಒಂದು ಎಚ್ಚರಿಕೆ: ವಿಂಡೋಸ್‌ನಲ್ಲಿ ಮೆಮೊರಿಗೆ 1,000 ಎಂದು ಕೊಡುವುದು ಹೈವ್‌ಓಎಸ್‌ನಲ್ಲಿ 2,000 ಆಗುತ್ತದೆ. ಅಂಕಿ ನಕಲು ಮಾಡುವಾಗ ಯಾವುದರದು ಎಂದು ಕೇಳಿ.

ಉಪ್ಪು ಮತ್ತು ಮಳೆಗಾಲ

ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಅದೇ ಕಡಲು ನಿಮ್ಮ ಕಿಟಕಿಗೂ ಉಪ್ಪು ಕಳಿಸುತ್ತಿರುತ್ತದೆ. ಫ್ಯಾನುಗಳು ಅದನ್ನು ಎಳೆದು ಬೋರ್ಡಿನ ಮೇಲೆ ಹರಡುತ್ತವೆ. ಒಣಗಿದ್ದಾಗ ಅದು ಬರೀ ಧೂಳು. ಗಾಳಿಯ ತೇವ 75% ಮೀರಿದ ಕೂಡಲೇ ಉಪ್ಪು ನೀರನ್ನು ಹೀರಿ ಕರಗುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುವುದೂ ಇದರಿಂದಲೇ. ಬೋರ್ಡಿನ ಮೇಲೆ ಆ ನೀರು ಕರೆಂಟು ಹರಿಸುತ್ತದೆ, ತಾಮ್ರವನ್ನು ಹಸಿರಾಗಿಸುತ್ತದೆ.

ಓಡುತ್ತಿರುವ ಕಾರ್ಡು ಬಿಸಿಯಿರುವುದರಿಂದ ಅದರ ಮೈಮೇಲೆ ತೇವ ನಿಲ್ಲದು. ಎರಡು ದಿನ ಕರೆಂಟಿಲ್ಲದೆ ತಣ್ಣಗೆ ಬಿದ್ದು, ಲೈನು ಬಂದ ಕ್ಷಣ ತಾನಾಗಿ ಎದ್ದ ರಿಗ್ ಸುಡುತ್ತದೆ. ಆದ್ದರಿಂದ ಎಲ್ಲೆಡೆ ಹೇಳುವ ಪಾಠಕ್ಕೆ ವಿರುದ್ಧವಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನು ಬಂದ ಕೂಡಲೇ ರಿಗ್ ತಾನಾಗಿ ಏಳಿಸುವ ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬ ಬಯಾಸ್ ಆಯ್ಕೆ ಆಫ್ ಇರಲಿ. ಲೈನು ಹತ್ತು ನಿಮಿಷದಲ್ಲಿ ಐದು ಸಲ ಬಂದು ಹೋಗುವಾಗಲೂ ಇದೇ ಕಾಪಾಡುತ್ತದೆ.

ಆರು ಗಂಟೆಗಿಂತ ಹೆಚ್ಚು ನಿಂತಿದ್ದರೆ ಮೊದಲು ಬೆಚ್ಚಗೆ ಮಾಡಿ. 27 ಡಿಗ್ರಿಯ, 90% ತೇವದ ಗಾಳಿಯನ್ನು 32 ಡಿಗ್ರಿಗೆ ತಂದರೆ ತೇವ 67-68ಕ್ಕೆ ಇಳಿಯುತ್ತದೆ, ಉಪ್ಪಿನ ಗೆರೆಯ ಕೆಳಗೆ. ಇದಕ್ಕೆ ಚೌಕಟ್ಟಿನ ಕೆಳಗೆ, ಬಟ್ಟೆ ಕಾಗದ ಯಾವುದೂ ತಾಗದಂತೆ, ತಗಡಿನ ಮರೆಯಲ್ಲಿ ಹಳೆಯ ಕಾಲದ 40 ವ್ಯಾಟಿನ ತಂತಿ ಬಲ್ಬು ಎರಡು ತಾಸು ಉರಿದರೆ ಸಾಕು. ಎಲ್‌ಇಡಿ ಬಲ್ಬು ಆಗದು, ಅದಕ್ಕೆ ಬಿಸಿಯಿಲ್ಲ. ಬರೀ ಫ್ಯಾನ್ ಹಾಕಿದರೆ ಒದ್ದೆ ಗಾಳಿಯನ್ನೇ ಊದಿದಂತೆ. ಐದು ಡಿಗ್ರಿ ಏರಿತೋ ಇಲ್ಲವೋ ಎಂಬುದನ್ನು ಊಹಿಸಬೇಡಿ, ಅಗ್ಗದ ಹೈಗ್ರೋಮೀಟರ್ ಒಂದು ಕಾರ್ಡಿನ ಪಕ್ಕ ತೂಗುಹಾಕಿ.

ತಿಂಗಳಿಗೊಮ್ಮೆ ರೈಸರ್‌ಗಳನ್ನು ಬಿಚ್ಚಿ, 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಮೆತ್ತನೆಯ ಬ್ರಷ್ ಅದ್ದಿ ತೊಳೆಯಿರಿ. ಉಪ್ಪು ಆಲ್ಕೊಹಾಲ್‌ನಲ್ಲಿ ಅಷ್ಟಾಗಿ ಕರಗದು. ಬಿಳಿ ಕರೆ ಗಟ್ಟಿಯಾಗಿದ್ದರೆ ಮೊದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒರೆಸಿ, ಆಮೇಲೆ ಆಲ್ಕೊಹಾಲ್. ಮಳೆಗಾಲವಿಡೀ ನಿಲ್ಲಿಸುವುದಾದರೆ ಕಾರ್ಡುಗಳನ್ನು ಬಿಚ್ಚಿ, ಬೆಚ್ಚಗಿರುವಾಗಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ.

ಶಾಖದ ಮಾತು ಚಿಕ್ಕದು. 340 ವ್ಯಾಟನ್ನು 5 ಡಿಗ್ರಿ ಏರಿಕೆಯೊಳಗೆ ಹೊರಹಾಕಲು ಗಂಟೆಗೆ ಸುಮಾರು 200 ಘನ ಮೀಟರ್ ಗಾಳಿ ಬೇಕು. 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಒಂದು ಸಾಕು. ಗಾಳಿ ಒಳಬರುವ ದಾರಿ ಕಡಲಿನ ದಿಕ್ಕಿನದಾಗದೆ ಮನೆಯ ಒಳಗಿನಿಂದಲೇ ಇರಲಿ.

ಕೆಟ್ಟರೆ

ಒಂದು ಕಾರ್ಡು ಮಾಯವಾದರೆ ನೂರಕ್ಕೆ ಎಂಬತ್ತು ಪಾಲು ರೈಸರೇ ಎಂದು ಹೇಳುವವರಿದ್ದಾರೆ. ಅಂಕಿ ಹಾಗಿರಲಿ, ಹುಡುಕುವ ಕ್ರಮ ಮಾತ್ರ ಸರಿ. ಮೊದಲು ಯುಎಸ್‌ಬಿ ತಂತಿ, ಆಮೇಲೆ ರೈಸರ್, ಆಮೇಲೆ ಸ್ಲಾಟ್, ಕೊನೆಗೆ ಕಾರ್ಡು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲ ಕಾರ್ಡೂ ಒಟ್ಟಿಗೆ ಹೋದರೆ ಸಪ್ಲೈ ಅಥವಾ ಎಸ್‌ಎಸ್‌ಡಿ.

ಹಂಚಿನ ಮನೆಯಲ್ಲಿ ಇನ್ನೊಂದು ಕಾಟ ಹಲ್ಲಿ. ಬೆಚ್ಚನೆಯ ಜಾಗ ಹುಡುಕಿ ಬಂದು ರೈಸರ್ ಮೇಲೆ ಸತ್ತು ಶಾರ್ಟ್ ಮಾಡುತ್ತದೆ. ಮೊದಲ ಮಳೆಗೆ ರೆಕ್ಕೆ ಗೆದ್ದಲು ಕಾರ್ಡಿನ ಬಣ್ಣದ ದೀಪಕ್ಕೆ ಮುತ್ತುತ್ತವೆ, ಅವನ್ನು ತಿನ್ನಲು ಹಲ್ಲಿ ಬರುತ್ತದೆ. ದೀಪ ಆರಿಸಿ, ಚೌಕಟ್ಟಿನ ಸುತ್ತ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಕಟ್ಟಿ. ಇರುವೆ ಪವರ್ ಸಪ್ಲೈ ಒಳಗೆ ಸೇರಿದ್ದರೆ ಮಾತ್ರ ನೀವೇ ಬಿಚ್ಚಲು ಹೋಗಬೇಡಿ: ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೀರಿ ಉಳಿದಿರಬಹುದು.