ಜೋಗಿಮಟ್ಟಿಯ ಫ್ಯಾನು, ಉಕ್ರೇನಿನ ಕರೆಂಟು

ಚಿತ್ರದುರ್ಗದ ಬಸ್ಸಿನಲ್ಲಿ ಪಕ್ಕ ಕೂತಿದ್ದ ಅಜ್ಜ ಕಿಟಕಿಯಾಚೆ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ತೋರಿಸಿದರು. "ಆ ಫ್ಯಾನುಗಳೇ ಮೋಡ ಓಡಿಸ್ತಾವೆ ಕಣಪ್ಪ. ಮಳೆ ಎಲ್ಲಿಂದ ಬರ್ಬೇಕು?"

ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಬೀಸುತ್ತದೆ. ಗುಡ್ಡದ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ. ಬೀಸದ ಫ್ಯಾನು ಮೋಡ ಓಡಿಸುವುದು ಹೇಗೆ?

ಇಂಥವೇ ಫ್ಯಾನುಗಳನ್ನು ಉಕ್ರೇನಿನವರು ಯುದ್ಧದ ನಡುವೆಯೇ ನೆಟ್ಟು ಮುಗಿಸಿದರು. ಮೈಕೊಲಾಯಿವ್ ಪ್ರಾಂತ್ಯದ ಟಿಲಿಗುಲ್ಸ್ಕಾ ಗಾಳಿ ಸ್ಥಾವರದಲ್ಲಿ 2023ರ ಹೊತ್ತಿಗೆ 19 ಫ್ಯಾನು, ಒಟ್ಟು 114 ಮೆಗಾವಾಟ್. ಅದರ ಲಾಭ ಗೊತ್ತಾ? 2024ರ ಏಪ್ರಿಲ್‌ನಲ್ಲಿ ಕೀವ್ ಹತ್ತಿರದ ಟ್ರಿಪಿಲ್ಸ್ಕಾ ಕಲ್ಲಿದ್ದಲು ಸ್ಥಾವರ ಒಂದೇ ದಾಳಿಗೆ ಪೂರ್ತಿ ಹೋಯಿತು. ಫ್ಯಾನುಗಳು ಒಂದಕ್ಕೊಂದು ದೂರ. ಒಂದಕ್ಕೆ ಏಟು ಬಿದ್ದರೂ ಉಳಿದವು ತಿರುಗುತ್ತವೆ. ಅವೆಲ್ಲ ಸೇರುವ ಸಬ್‌ಸ್ಟೇಷನ್ನೇ ಸುಟ್ಟರೆ ಮಾತ್ರ ಕಷ್ಟ. ನಮ್ಮ ಹೊಲದ ಟಿಸಿ ಸುಟ್ಟರೇ ದಿನಗಟ್ಟಲೆ ಕಾಯುತ್ತೇವೆ. ಅಲ್ಲಿನ ದೊಡ್ಡ ಟ್ರಾನ್ಸ್‌ಫಾರ್ಮರ್ ನೂರು ಟನ್ ಮೀರುತ್ತದೆ, ಹೊಸದು ತಯಾರಾಗಲು ವರ್ಷವೇ ಹಿಡಿಯಬಹುದು.

ಹಂಚಿ ಇಡುವುದು ದುರ್ಗದವರಿಗೆ ಹೊಸದಲ್ಲ. ಏಳು ಸುತ್ತಿನ ಕೋಟೆಗೆ ಒಂದೇ ಕೆರೆ ಇರಲಿಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ.

ಆದರೆ ಕರೆಂಟು ನೀರಿನ ಹಾಗೆ ನಿಂತು ಕಾಯುವುದಿಲ್ಲ. ಎಷ್ಟು ಬಳಸುತ್ತೇವೋ ಅಷ್ಟೇ ಆ ಕ್ಷಣಕ್ಕೆ ಹುಟ್ಟಬೇಕು. ನಾಯಕನಹಟ್ಟಿ ತೇರು ನೆನೆಸಿಕೊಳ್ಳಿ. ಹಗ್ಗ ಹಿಡಿದವರು ವಿದ್ಯುತ್ ಸ್ಥಾವರಗಳು, ತೇರಿನ ಭಾರ ನಮ್ಮ ಪಂಪ್‌ಸೆಟ್ಟು, ಮಿಕ್ಸಿ, ಬಲ್ಬು. ಕೆಲವರು ಕೈಬಿಟ್ಟರೆ ತೇರು ನಿಧಾನ, ಜಾಸ್ತಿ ಎಳೆದರೆ ಓಟ. ತೇರಿನ ಆ ಹದವಾದ ನಡಿಗೆಯೇ 50 ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಡುವ ಲಯ, ಇಲ್ಲೂ ಅಷ್ಟೇ, ಉಕ್ರೇನಿನಲ್ಲೂ ಅಷ್ಟೇ. ಹಳೇ ಸ್ಥಾವರಗಳ ಭಾರೀ ಟರ್ಬೈನು ತೇರಿನ ಗಾಲಿ ಇದ್ದಂತೆ, ಎಳೆತ ತಪ್ಪಿದರೂ ಒಂದಿಷ್ಟು ಉರುಳುತ್ತದೆ. ಸೋಲಾರ್ ಫಲಕಕ್ಕೆ ಆ ತೂಕವಿಲ್ಲ. ಅದಕ್ಕೇ ಬ್ಯಾಟರಿ ಬೇಕು. ಗಾಲಿಯ ಪಕ್ಕ ಸನ್ನೆ ಹಿಡಿದು ಓಡುತ್ತಾರಲ್ಲ, ಅವರ ಹಾಗೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ತಳ್ಳುತ್ತದೆ, ಇಲ್ಲವೇ ತಡೆಯುತ್ತದೆ.

2022ರ ಫೆಬ್ರವರಿ 24ರಂದು, ಯುದ್ಧ ಶುರುವಾಗುವ ಕೆಲವೇ ಗಂಟೆ ಮೊದಲು, ಉಕ್ರೇನ್ ಮೂರು ದಿನದ ಪರೀಕ್ಷೆಗೆಂದು ರಷ್ಯಾದ ಗ್ರಿಡ್‌ನಿಂದ, ಅಂದರೆ ವಿದ್ಯುತ್ ಜಾಲದಿಂದ, ಬೇರೆಯಾಗಿತ್ತು. ಮತ್ತೆ ಅತ್ತ ಸೇರಲೇ ಇಲ್ಲ. ಬಾಂಬು ಬೀಳುತ್ತಿರುವಾಗಲೇ ಆ ತೇರನ್ನು ಬಹುತೇಕ ಒಂಟಿಯಾಗಿ ಎಳೆದು, ಮಾರ್ಚ್ 16ಕ್ಕೆ ಯುರೋಪಿನ ಹಗ್ಗಕ್ಕೆ ಕೈ ಸೇರಿಸಿತು. 2025ರಲ್ಲಿ 200 ಮೆಗಾವಾಟ್ ಬ್ಯಾಟರಿ ಕೂರಿಸಿದರು. ಅದನ್ನೂ ಒಂದೇ ಕಡೆ ಇಡಲಿಲ್ಲ. 6 ಜಾಗಕ್ಕೆ ಹಂಚಿದ್ದಾರೆ, ದುರ್ಗದ ಹೊಂಡಗಳ ಹಾಗೆ.