ಕುಶಿಂಗ್ ಸಿಂಡ್ರೋಮ್ ಮತ್ತು ನ್ಯೂಮೋಸಿಸ್ಟಿಸ್: ಕಾರ್ಟಿಸೋಲ್ ಇಳಿದಾಗ ಏಳುವ ಜ್ವರ

ಕುಶಿಂಗ್ ಸಿಂಡ್ರೋಮ್ ಎಂದರೆ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋಲ್ ದೇಹದಲ್ಲಿ ಬಹುಕಾಲ ಹೆಚ್ಚಿರುವ ಸ್ಥಿತಿ. ಪಿಟ್ಯುಟರಿ ಬಿಟ್ಟು ಬೇರೆಡೆಯ ಗಡ್ಡೆ ಸುರಿಸುವ, ಕಾರ್ಟಿಸೋಲ್ ತಯಾರಿಗೆ ಪ್ರಚೋದಿಸುವ ಹಾರ್ಮೋನಾದ ಎಕ್ಟೋಪಿಕ್ ಎಸಿಟಿಎಚ್‌ನಿಂದ ಕಾರ್ಟಿಸೋಲ್ ವಿಪರೀತ ಏರಿದ ರೋಗಿ ಎಂದುಕೊಳ್ಳಿ. ಕಾರ್ಟಿಸೋಲ್ ತಯಾರಿಯನ್ನು ತಡೆಯುವ ಮೆಟಿರಾಪೋನ್ ಶುರು ಮಾಡಿ ಕೆಲವೇ ದಿನ. ಕಾರ್ಟಿಸೋಲ್ ಚೆನ್ನಾಗಿ ಇಳಿಯುತ್ತಿದೆ. ಅಷ್ಟರಲ್ಲಿ ಜ್ವರ, ಒಣಕೆಮ್ಮು. ಮಲಗಿದ್ದಾಗ 95 ಇದ್ದ ಆಕ್ಸಿಜನ್ ಮಟ್ಟ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ 86. ಇದು ಹೊಸದಾಗಿ ಅಂಟಿದ ಸೋಂಕೇ ಆಗಬೇಕಿಲ್ಲ, ಮೊದಲೇ ಒಳಗಿದ್ದದ್ದು ಈಗ ಕಾಣಿಸಿಕೊಂಡಿರಬಹುದು.

ಕಾರ್ಟಿಸೋಲ್ ಹೆಚ್ಚಿದ್ದರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ಕುಸಿಯುತ್ತವೆ, ನ್ಯೂಮೋಸಿಸ್ಟಿಸ್ ಜಿರೊವೆಸಿ ಎಂಬ ಶಿಲೀಂಧ್ರ ಗಾಳಿಚೀಲಗಳಲ್ಲಿ ಸದ್ದಿಲ್ಲದೆ ಬೆಳೆಯುತ್ತದೆ. ಅದೇ ಕಾರ್ಟಿಸೋಲ್ ಉರಿಯೂತವನ್ನೂ ಅದುಮಿಟ್ಟಿರುವುದರಿಂದ ಲಕ್ಷಣಗಳು ಮೇಲೇಳುವುದಿಲ್ಲ. ಅದು ಇಳಿದೊಡನೆ ರೋಗನಿರೋಧಕ ಶಕ್ತಿ ಎಚ್ಚೆತ್ತು ಕಾದಾಟಕ್ಕಿಳಿಯುತ್ತದೆ. ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ.

ಹಾಗಾಗಿ ತೀವ್ರ ಕುಶಿಂಗ್‌ನಲ್ಲಿ ನ್ಯೂಮೋಸಿಸ್ಟಿಸ್ ತಡೆಗೆ ಕೋಟ್ರೈಮಾಕ್ಸಜೋಲನ್ನು (ಟ್ರೈಮೆಥೊಪ್ರಿಮ್ ಮತ್ತು ಸಲ್ಫಾಮೆಥಾಕ್ಸಜೋಲ್ ಕೂಡಿದ ಔಷಧಿ) ಕಾರ್ಟಿಸೋಲ್ ಇಳಿಸುವ ಮೊದಲೇ ಯೋಚಿಸಬೇಕು: 160/800 ಮಿ.ಗ್ರಾಂ ಮಾತ್ರೆ ವಾರಕ್ಕೆ 3 ಸಲ, ಇಲ್ಲವೇ 80/400 ದಿನಕ್ಕೊಂದು. ಪೊಟ್ಯಾಸಿಯಂ ಮೇಲೆ ಕಣ್ಣಿರಲಿ. ಕಾರ್ಟಿಸೋಲ್ ಹೆಚ್ಚಿದ್ದಾಗ ಅದು ಕಡಿಮೆಯಿದೆಯೆಂದು ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್, ಪೊಟ್ಯಾಸಿಯಂ ಸಿರಪ್ ಎರಡೂ ನಡೆಯುತ್ತಿರುತ್ತವೆ. ಕಾರ್ಟಿಸೋಲ್ ಇಳಿದರೆ ಪೊಟ್ಯಾಸಿಯಂ ತಾನಾಗಿ ಏರುತ್ತದೆ, ಟ್ರೈಮೆಥೊಪ್ರಿಮ್ ಅದನ್ನು ಇನ್ನಷ್ಟು ಏರಿಸುತ್ತದೆ. ಹಳೆಯ ಸಿರಪ್ ನಿಲ್ಲಿಸಲು ಮರೆತರೆ ಕೆಲಸ ಕೆಟ್ಟಿತು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎಡವಿಸುವ ಪ್ರಶ್ನೆ: ಕೀಟೊಕೊನಜೋಲ್ ಕಾರ್ಟಿಸೋಲನ್ನೂ ಇಳಿಸುತ್ತದೆ, ಶಿಲೀಂಧ್ರವನ್ನೂ ಕೊಲ್ಲುತ್ತದೆ, ಒಂದೇ ಕಲ್ಲಿಗೆ ಎರಡು ಹಕ್ಕಿಯಲ್ಲವೇ? ಅಲ್ಲ. ಅಜೋಲ್‌ಗಳ (ಕೀಟೊಕೊನಜೋಲ್ ಸೇರಿದ ಗುಂಪು) ಗುರಿ ಶಿಲೀಂಧ್ರ ಪೊರೆಯ ಕೊಬ್ಬಾದ ಎರ್ಗೊಸ್ಟೆರಾಲ್ ತಯಾರಿ; ನ್ಯೂಮೋಸಿಸ್ಟಿಸ್ ಪೊರೆಯಲ್ಲಿ ಅದೇ ಇಲ್ಲ, ಕೊಲೆಸ್ಟರಾಲ್ ಇದೆ.

ಸಿಟಿಯಲ್ಲಿ ಎರಡೂ ಕಡೆ ಮಸುಕು ಗಾಜಿನಂಥ ನೆರಳು. ಎಚ್‌ಐವಿ ಇಲ್ಲದವರಲ್ಲಿ ಜೀವಿಗಳ ಸಂಖ್ಯೆ ಕಡಿಮೆ, ಕಫದ ಸಿಲ್ವರ್ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಹುಡುಕುವ ಪರೀಕ್ಷೆ) ನೆಗೆಟಿವ್ ಬಂತೆಂದು ಕೈಬಿಡಬೇಡಿ. ಬ್ರಾಂಕೋಸ್ಕೋಪಿಯಲ್ಲಿ ತೊಳೆದು ತೆಗೆದ ದ್ರವದ ಪಿಸಿಆರ್ ಮಾಡಿಸಿ. ಗಂಟು, ಅದರ ಸುತ್ತ ಪ್ರಭಾವಳಿ, ನಡುವೆ ಕುಳಿ ಕಂಡರೆ ಆಸ್ಪರ್ಜಿಲಸ್ ಎಂಬ ಇನ್ನೊಂದು ಶಿಲೀಂಧ್ರದ ಕಡೆಗೆ ಯೋಚಿಸಿ, ಅಲ್ಲಿ ವೊರಿಕೊನಜೋಲ್. ಜೊತೆಗೆ ಕೀಟೊಕೊನಜೋಲ್ ನಡೆಯುತ್ತಿದ್ದರೆ ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗಿದೆಯೇ ಎಂದು ನೋಡಲೇಬೇಕು.

ನ್ಯೂಮೋಸಿಸ್ಟಿಸ್ ಚಿಕಿತ್ಸೆಗೂ ಕೋಟ್ರೈಮಾಕ್ಸಜೋಲೇ: ಟ್ರೈಮೆಥೊಪ್ರಿಮ್ ಲೆಕ್ಕದಲ್ಲಿ ದಿನಕ್ಕೆ ಕಿಲೋಗೆ 15–20 ಮಿ.ಗ್ರಾಂ, 3–4 ಪಾಲಾಗಿ, ಸಾಮಾನ್ಯವಾಗಿ 21 ದಿನ. ಕಿಡ್ನಿ ಸೋತಿದ್ದರೆ ತಗ್ಗಿಸಿ.

ಬಿಪಿ ಕುಸಿದರೆ ಅದಕ್ಕೆ ಸೆಪ್ಸಿಸ್ ಒಂದೇ ಕಾರಣವಲ್ಲ, ಕಾರ್ಟಿಸೋಲ್ ಅತಿಯಾಗಿ ಇಳಿದಿರಲೂಬಹುದು. ರಿಪೋರ್ಟಿನಲ್ಲಿ ಕಾರ್ಟಿಸೋಲ್ ಸರಿಯಾಗಿದೆಯೆಂದು ನಂಬಬೇಡಿ: ಮೆಟಿರಾಪೋನ್‌ನಿಂದ ಕೂಡಿಕೊಂಡ 11-ಡಿಆಕ್ಸಿಕಾರ್ಟಿಸೋಲನ್ನು (ಕಾರ್ಟಿಸೋಲಿನ ಹಿಂದಿನ ಹಂತದ ರೂಪ) ಇಮ್ಯುನೊಅಸ್ಸೆಗಳು (ಪ್ರತಿಕಾಯ ಬಳಸಿ ಅಳೆಯುವ ರಕ್ತಪರೀಕ್ಷೆಗಳು) ಕಾರ್ಟಿಸೋಲ್ ಎಂದೇ ಎಣಿಸಿಬಿಡುತ್ತವೆ. ಅನುಮಾನವಿದ್ದರೆ ರಕ್ತ ತೆಗೆದಿಟ್ಟು, ರಿಪೋರ್ಟಿಗೆ ಕಾಯದೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ನಾಳಕ್ಕೆ ಕೊಡಿ, ಮೆಟಿರಾಪೋನ್ ತಡೆಹಿಡಿಯಿರಿ.